ಫರಸಿಯೊಳಗಿನ ಬಾಡಿಗೆದಾರರು

ರಾಜಶೇಖರನ ಹೊಸ ಮನೆಗೆ ಹೋದವರು ಮೊದಲು ನೆಲ ನೋಡಬೇಕು. ಅದು ಆ ಮನೆಯ ಕಾಯಿದೆ. ನೀರು ಆಮೇಲೆ, ಚಹಾ ಅದಕ್ಕೂ ಆಮೇಲೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಗ್ರಾನೈಟ್ ಹಾಕಿಸಿದವರು ಬೇಕಾದಷ್ಟು ಜನ ಇದ್ದಾರೆ, ಎಲ್ಲಿಯದೋ ಮಾರ್ಬಲ್ ಹಾಕಿಸಿ ಇಟಲಿಯದೆಂದು ಹೇಳಿಕೊಳ್ಳುವವರೂ ಇದ್ದಾರೆ. ಆದರೆ ರಾಜಸ್ಥಾನದ ಜೈಸಲ್ಮೇರದಿಂದ ಲಾರಿಯಲ್ಲಿ ಬಂದ ಹಳದಿ ಫರಸಿ ಹಾಕಿದ ಮನೆ ಆ ಸಾಲಿನಲ್ಲಿ ಇದೊಂದೇ. ಸಂಜೆ ಪಡುವಣ ಕಿಟಕಿಯಿಂದ ಬಿಸಿಲು ಬಿದ್ದರೆ ಹಾಲ್ ಪೂರ್ತಿ ಅರಿಸಿನ ಬಳಿದಂತೆ ಹೊಳೆಯುತ್ತಿತ್ತು. ಕಲ್ಲಿನ ಮೈಮೇಲೆ ಅಲ್ಲಲ್ಲಿ ಸುರುಳಿ, ಬೀಸಣಿಗೆ, ಅರ್ಧಚಂದ್ರದಂಥ ಗುರುತುಗಳು. "ಕೈಯಿಂದ ಕೊರದದ್ದಲ್ರಿ ಇದು, ನೈಸರ್ಗಿಕ ಡಿಸೈನ್" ಎಂದು ರಾಜಶೇಖರ ಹೇಳುವಾಗ, ನಿಸರ್ಗಕ್ಕೆ ಆ ಆರ್ಡರು ಕೊಟ್ಟವನು ತಾನೇ ಎನ್ನುವ ಹಾಗೆ ಮುಖ ಮಾಡುತ್ತಿದ್ದ.

ಅವನ ಮೂಲ ಊರು ಧಾರವಾಡದ ಹತ್ತಿರದ ಗರಗ. ಅಮರಗೋಳದ ಎಪಿಎಂಸಿಯಲ್ಲಿ ಕಾಳುಕಡಿಯ ದಲಾಲಿ ಅಂಗಡಿ ಇಟ್ಟು ಬೆಳೆದವನು. ಬರೀ ವ್ಯಾಪಾರದಿಂದ ಊರಲ್ಲಿ ಹೆಸರಾಗುವುದಿಲ್ಲ ಎಂಬುದು ನಡುವಯಸ್ಸಿಗೆ ಬಂದ ಮೇಲೆ ಅವನಿಗೆ ಹೊಳೆಯಿತು. ಹಾಗಾಗಿ ಶುದ್ಧಾಹಾರ ಸೇವಾ ಸಮಿತಿ ಸೇರಿಕೊಂಡ. ಮಂದಿ ಏನೇನು ತಿನ್ನಬಾರದು ಎಂಬುದನ್ನು ಆಗಾಗ ಮೈಕು ಹಚ್ಚಿ ಹೇಳುವ ಸಮಿತಿ ಅದು. ಹೇಳಿ ಮುಗಿದ ಮೇಲೆ ಹೋಳಿಗೆ ಊಟ. ರಾಜಶೇಖರ ಈಗ ಉಪಾಧ್ಯಕ್ಷ. ಅಧ್ಯಕ್ಷರಾದ ಸಿದ್ದಲಿಂಗಪ್ಪನವರು ಮೊಣಕಾಲು ನೋವಿನ ದೆಸೆಯಿಂದ ಕುರ್ಚಿ ಬಿಡುವ ಮಾತಾಡುತ್ತಿದ್ದರು. ಹೊಸ ಅಧ್ಯಕ್ಷರನ್ನು ಆರಿಸುವ ಸಭೆ ರಾಜಶೇಖರನ ಹಾಲ್‌ನಲ್ಲೇ ಎಂದು ನಿಶ್ಚಯವಾಗಿತ್ತು. ನೆಲಕ್ಕೂ ಸಭೆಗೂ ಸಂಬಂಧವಿಲ್ಲ ಎಂದು ತಿಳಿದವರು ರಾಜಶೇಖರನನ್ನು ತಿಳಿದವರಲ್ಲ.

ಮಹಡಿಯ ಮೇಲೆ ಬಾಡಿಗೆಗೆಂದು ಒಂದು ಮನೆ ಕಟ್ಟಿಸಿದ್ದ. ಗೇಟಿಗೆ ಬೋರ್ಡು: "ಮನೆ ಬಾಡಿಗೆಗಿದೆ. ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ." ಶುದ್ಧ ಎಂಬುದು ಕೆಂಪು ಬಣ್ಣದಲ್ಲಿ. ವರ್ಷವಾಗುತ್ತ ಬಂದರೂ ಅಷ್ಟು ಶುದ್ಧವಾದವರು ಯಾರೂ ಸಿಕ್ಕಿರಲಿಲ್ಲ. ಬ್ಯಾಂಕಿನ ಮ್ಯಾನೇಜರೊಬ್ಬರು ಕೇಕ್ ತಿನ್ನುತ್ತೇನೆಂದು ನಿಜ ಹೇಳಿ ಕೆಟ್ಟರು. ಇನ್ನೊಂದು ಕುಟುಂಬದಲ್ಲಿ ಎಲ್ಲರೂ ಸಸ್ಯಾಹಾರಿಗಳೇ, ಅವರ ನಾಯಿ ಮಾತ್ರ ಅಲ್ಲ. ಬಂದವರನ್ನೆಲ್ಲ ರಾಜಶೇಖರ ಒಂದೇ ಮಾತಿನಿಂದ ಸಾಗಹಾಕುತ್ತಿದ್ದ: "ನಂದೇನೂ ಇಲ್ರಿ, ಮನ್ಯಾಗ ಹಿರ್ಯಾರು ಅದಾರ. ಅವರು ಒಪ್ಪಂಗಿಲ್ಲ."

ಆ ಹಿರಿಯರು ಎಂದರೆ ಅವನ ತಾಯಿ ದಾನವ್ವ. ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲ. ಗರಗದ ಖಾದಿ ಕೇಂದ್ರದಲ್ಲಿ ಹತ್ತು ಹೆಂಗಸರ ನಡುವೆ ನೂಲುತ್ತ, ಊರ ಸುದ್ದಿಯನ್ನೂ ಜೊತೆಗೇ ನೂಲುತ್ತ ಕಾಲ ಕಳೆದ ಮುದುಕಿ. ಇಲ್ಲಿ ಹಿಂದಿನ ಕೋಣೆಯಲ್ಲಿ ಟಿವಿ ಮುಂದೆ ಕೂತಿರುತ್ತಿದ್ದಳು. ಹೊಳೆಯುವ ಫರಸಿ ಜಾರುತ್ತದೆಂದು ಸೊಸೆ ವಾಣಿಶ್ರೀ ಆಕೆಗೆ ಹಾಲ್‌ನಲ್ಲಿ ಓಡಾಡಬೇಡಿ ಎಂದಿದ್ದಳು.

ತಸ್ಲೀಮಾ ಮನೆ ಕೇಳಲು ಬಂದದ್ದು ಶನಿವಾರ ಸಂಜೆ, ನೆಲ ಹೊಳೆಯುವ ಹೊತ್ತಿಗೆ. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುವ ಹೆಣ್ಣುಮಗಳು. ಗದಗಿನಿಂದ ವರ್ಗವಾಗಿ ಬಂದು ಲೇಡೀಸ್ ಹಾಸ್ಟೆಲ್ಲಿನಲ್ಲಿದ್ದಳು. ಮಗಳು ಫಿರದೋಸ ಗದಗಿನಲ್ಲಿ ಅಜ್ಜಿಯ ಹತ್ತಿರ. ಜೂನಿನಲ್ಲಿ ಸಾಲಿ ಶುರುವಾಗುವುದರೊಳಗೆ ಮನೆ ಸಿಕ್ಕರೆ ಮಗುವನ್ನು ಕರೆತರಬಹುದು. ಎಷ್ಟೋ ಕಡೆ ಕೇಳಿದ್ದಳು. ಫೋನಿನಲ್ಲಿ ಖಾಲಿ ಇದ್ದ ಮನೆಗಳು ಆಕೆ ಹೆಸರು ಹೇಳಿದ ಕೂಡಲೇ ತುಂಬಿಕೊಂಡುಬಿಡುತ್ತಿದ್ದವು. ಅದಕ್ಕೇ ಈ ಸಲ ಫೋನು ಮಾಡದೆ ನೇರ ಬಂದಿದ್ದಳು.

ಹೆಸರು ಕೇಳಿದಾಗಲೇ ರಾಜಶೇಖರ ಮನಸ್ಸಿನಲ್ಲಿ ಬಾಗಿಲು ಹಾಕಿ ಆಗಿತ್ತು. ಚಿಲಕ ಹಾಕಲು ಒಂದು ನೆಪ ಬೇಕಿತ್ತು ಅಷ್ಟೇ.

"ನೀವು ಬೋರ್ಡ್ ಓದೀರಿ ಹೌದಲ್ರಿ ಮೇಡಂ?"

"ಓದೇನ್ರಿ ಸರ್. ನಾ ಸಸ್ಯಾಹಾರಿನಽ. ಸಣ್ಣಾಕಿ ಇದ್ದಾಗಿಂದ ಮಾಂಸ ಆಗಿಬರಂಗಿಲ್ಲ. ಮಗಳೂ ತಿನ್ನಂಗಿಲ್ಲ."

ಇದನ್ನು ರಾಜಶೇಖರ ಎಣಿಸಿರಲಿಲ್ಲ. "ಹೆಸರು ತಸ್ಲೀಮಾ ಅಂದ್ರಲ್ಲ?"

"ಹೌದ್ರಿ."

"ಅಂದ್ರೂ ಸಸ್ಯಾಹಾರಿ?"

"ಅಂದ್ರೂ."

"ಬೀಗರು, ನೆಂಟರು ಬಂದ್ರ?"

"ಬೀಗರೂ ನಾ ಮಾಡಿದ್ದ ಉಣ್ತಾರ್ರಿ."

"ಹಬ್ಬಕ್ಕ?"

"ಹಬ್ಬಕ್ಕ ಗದಗಕ್ಕ ಹೋಗ್ತೇನ್ರಿ."

ಕೇಕಿಲ್ಲ, ನಾಯಿಯೂ ಇಲ್ಲ. ರಾಜಶೇಖರ ಸೋಫಾದ ಮೇಲೆ ಅತ್ತಿತ್ತ ಸರಿದು, "ನಂದೇನೂ ಇಲ್ರಿ ಮೇಡಂ. ಮನ್ಯಾಗ ಹಿರ್ಯಾರು ಅದಾರ" ಎಂದ. ತಸ್ಲೀಮಾ ಈ ವಾಕ್ಯವನ್ನು ಬಹಳ ಮನೆಗಳಲ್ಲಿ ಕೇಳಿದ್ದಳು. ಏಳಲೆಂದು ತಲೆ ತಗ್ಗಿಸಿದವಳು ನೆಲದ ಗುರುತುಗಳನ್ನು ಕಂಡು ಹಾಗೇ ಉಳಿದಳು. ಆಮೇಲೆ ಬ್ಯಾಗು ಬದಿಗಿಟ್ಟು ನೆಲದ ಮೇಲೆ ಮೊಣಕಾಲೂರಿ ಕೂತಳು.

"ಸರ್, ಈ ಫರಸಿ ಎಲ್ಲಿಂದ ತಂದೀರಿ?"

ರಾಜಶೇಖರನಿಗೆ ಹೋದ ಜೀವ ಬಂದಂತಾಯಿತು. "ಜೈಸಲ್ಮೇರ್ರಿ. ಕೇಶ್ವಾಪುರದಾಗ ಜುಲ್ಫಿಕಾರನ ಅಂಗಡ್ಯಾಗ ನಾನಽ ನಿಂತು ಆರಿಸಿ ತಂದೇನಿ. ಡಿಸೈನ್ ನೋಡ್ರಿ, ನೈಸರ್ಗಿಕ."

"ಡಿಸೈನ್ ಅಲ್ರಿ ಸರ್. ಇವು ಪ್ರಾಣಿ."

ತಸ್ಲೀಮಾಳಿಗೆ ತಾನು ಮನೆ ಕೇಳಲು ಬಂದದ್ದೇ ಮರೆತುಹೋಗಿತ್ತು. ಸುರುಳಿಯ ಮೇಲೆ ಬೆರಳಿಟ್ಟು, ಇದು ಅಮೋನೈಟ್, ಸಮುದ್ರದಲ್ಲಿ ಈಜುತ್ತಿದ್ದದ್ದು ಎಂದಳು. ಬೀಸಣಿಗೆಯಂತಿದ್ದದ್ದು ಚಿಪ್ಪಿನ ಹುಳು, ಅರ್ಧಚಂದ್ರ ಅದೇ ಚಿಪ್ಪು ಅಡ್ಡ ಕೊಯ್ದಾಗ ಕಾಣುವ ರೂಪ. ಈಗ ಮರಳುಗಾಡಾಗಿರುವ ಜೈಸಲ್ಮೇರ ಜುರಾಸಿಕ್ ಕಾಲದಲ್ಲಿ ಸಮುದ್ರದ ತಳವಾಗಿತ್ತು. ಸತ್ತ ಪ್ರಾಣಿಗಳು ಕೆಸರಿನಲ್ಲಿ ಹೂತು, ಕೆಸರು ಕಲ್ಲಾಗಿ, ಇವೂ ಕಲ್ಲಾದವು. ಹದಿನಾರು ಕೋಟಿ ವರ್ಷ ಆಗಿರಬಹುದು. "ಇವಕ್ಕ ಪಳೆಯುಳಿಕೆ ಅಂತೇವ್ರಿ. ಇಷ್ಟು ಚಂದ ಇದ್ದದ್ದು ನಮ್ಮ ಕಾಲೇಜಿನಾಗೂ ಇಲ್ಲ."

ಆಕೆ ಹೊಗಳುತ್ತಿದ್ದಾಳೆ ಎಂದು ರಾಜಶೇಖರನಿಗೆ ಗೊತ್ತಾಗುತ್ತಿತ್ತು. ಹೊಗಳಿಕೆ ಎತ್ತ ಕಡೆ ಹೊರಟಿದೆ ಎಂಬುದೂ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ದಾನವ್ವ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು.

"ಅದಕ್ಕ ಜೀವ ಇತ್ತೇನ ಯವ್ವಾ?"

"ಇತ್ತ್ರಿ ಅವ್ವಾರ."

"ಏನು ತಿಂತಿತ್ತು?"

"ಈ ಸುರುಳೀದು ಸಣ್ಣ ಸಣ್ಣ ಜೀವ ಹಿಡದು ತಿಂತಿತ್ರಿ."

ರಾಜಶೇಖರ ಸುರುಳಿಯ ಮೇಲಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡ. ಮಹಡಿಗೆ ಒಬ್ಬ ಮಾಂಸಾಹಾರಿ ಏರದಂತೆ ವರ್ಷಪೂರ್ತಿ ಗೇಟು ಕಾದಿದ್ದ. ಇಲ್ಲಿ ಕೆಳಗೆ, ದೇವರ ಮನೆಯ ಹೊಸ್ತಿಲವರೆಗೂ, ಸಾವಿರಾರು ಮಾಂಸಾಹಾರಿಗಳು ಅಡ್ವಾನ್ಸೂ ಇಲ್ಲದೆ ಬಾಡಿಗೆಯೂ ಇಲ್ಲದೆ ಮಲಗಿದ್ದರು. "ಫೋನ್ ಮಾಡ್ತೇನ್ರಿ ಮೇಡಂ" ಎಂದು ತಸ್ಲೀಮಾಳನ್ನು ಅವಸರದಿಂದ ಕಳಿಸಿದ. ಯಾರದು ಎಂದು ತಾಯಿ ಕೇಳಿದ್ದಕ್ಕೆ, "ಯಾರೋ ಸರ್ವೇದವರು" ಎಂದು ಹೇಳಿ ತಪ್ಪಿಸಿಕೊಂಡ.

ಆ ದಿನ ಊಟಕ್ಕೆ ಬಡಿಸಿದಾಗ ದಾನವ್ವ ತಾಟು ಎತ್ತಿಕೊಂಡು ಹೊರಗೆ ನಡೆದಳು. ಗೇಟಿನ ಪಕ್ಕ ಕಂಪೌಂಡಿಗೆ ಹೊಂದಿಕೊಂಡ ಮಣ್ಣಿನ ಜಾಗದಲ್ಲಿ ಕಂಬಳಿ ಹಾಸಿ ಕೂತು, ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದಳು.

"ಯವ್ವಾ, ಒಳಗ ಬಾ ಬೇ. ಮಂದಿ ನೋಡಾಕತ್ತಾರ."

"ಸತ್ತ ಪ್ರಾಣಿ ಮ್ಯಾಲೆ ಕುಂತು ನಾ ಹ್ಯಾಂಗ ಉಣ್ಣಲಿ? ನೀನಽ ಮೈಕಿನಾಗ ಹೇಳ್ತೀಯಲ್ಲ, ಅದರ ನೆರಳಿಗೂ ನಿಂದ್ರಬಾರದು ಅಂತ."

ಮರುದಿನವೂ ಅಲ್ಲೇ. ಹಗ್ಗ ಹೆಣೆದ ಹೊರಸು ಹೊರಗೆ ಬಂತು, ಎಲೆ ಅಡಿಕೆಯ ಚೀಲ ಬಂತು. ಮಲಗಲು ಮಾತ್ರ ಹಿತ್ತಲಿನಿಂದ ಸುತ್ತಿ ಬಂದು ಬರೀ ಶಹಾಬಾದ ಕಲ್ಲು ಹಾಕಿದ್ದ ಸಾಮಾನಿನ ಕೋಣೆಗೆ ಹೋಗುತ್ತಿದ್ದಳು. ಬೆಳಗಾದರೆ ಮತ್ತೆ ಗೇಟು. ಹಾಲಿನವನು, ಕಾಯಿಪಲ್ಲೆ ಗಾಡಿಯ ತಾರಾಬಾಯಿ, ವಾಕಿಂಗ್ ಹೋಗುವ ನಿವೃತ್ತ ಮಾಸ್ತರರು, ಎಲ್ಲರೂ ನಿಂತು ಮಾತಾಡಿಸುವವರೇ. ವಾರದೊಳಗೆ ವಿದ್ಯಾನಗರದ ಆ ಸಾಲಿನಲ್ಲಿ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯ ಬೋರಿನಲ್ಲಿ ನೀರು ನಿಂತಿತು ಎಂಬುದೆಲ್ಲ ದಾನವ್ವನ ಬಾಯಲ್ಲಿತ್ತು. ಹೊರಗ ಯಾಕ ಎಂದು ಕೇಳಿದವರಿಗೆ ಮಾತ್ರ, "ನನ್ನ ಮಗನ್ನ ಕೇಳ್ರಿ" ಎನ್ನುತ್ತಿದ್ದಳು. ಮುದುಕಿಯ ಮುಖಕ್ಕೆ ಕಳೆ ಬಂದಿತ್ತು.

ಮಗನ ಮುಖದ ಕಳೆ ಹೋಗಿತ್ತು. ಇಷ್ಟು ದೊಡ್ಡ ಮನೆ ಕಟ್ಟಿಸಿ ಹೆತ್ತವ್ವನನ್ನು ಹೊರಗೆ ಹಾಕಿದ್ದಾನೆ ಎಂದು ಎಪಿಎಂಸಿಯ ಹಮಾಲರವರೆಗೂ ಸುದ್ದಿ ಹೋಗಿತ್ತು. ಹಾಗಲ್ಲ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ ಶುದ್ಧಾಹಾರ ಸಮಿತಿಯ ಉಪಾಧ್ಯಕ್ಷ ಹುಳುಹುಪ್ಪಡಿಯ ಮೇಲೆ ಕೂತು ಉಣ್ಣುತ್ತಾನೆ ಎಂದಾಗುತ್ತದೆ. ಒಂದೋ ಕೆಟ್ಟ ಮಗ, ಇಲ್ಲವೇ ಕೆಟ್ಟ ನೆಲ. ಎರಡರಲ್ಲಿ ಯಾವುದನ್ನು ಒಪ್ಪಿಕೊಂಡರೂ ಕುರ್ಚಿ ಹೋಯಿತು. "ಬಿಸಲು ಕಾಯಿಸ್ಕೊಳ್ಳಾಕ ಕುಂತಾಳ್ರಿ, ಡಾಕ್ಟರ್ ಹೇಳ್ಯಾರ" ಎಂದು ಕೇಳಿದವರಿಗೆಲ್ಲ ಹೇಳಿದ. ಅದು ಮೇ ತಿಂಗಳು. ಹುಬ್ಬಳ್ಳಿಯ ಮೇ ತಿಂಗಳ ಬಿಸಿಲಿಗೆ ಯಾವ ಡಾಕ್ಟರೂ ಚೀಟಿ ಬರೆದುಕೊಡುವುದಿಲ್ಲ.

ಸಿಟ್ಟು ತೀರಿಸಿಕೊಳ್ಳಲು ಜುಲ್ಫಿಕಾರನನ್ನು ಕರೆಸಿದ. "ಭಾಯ್, ನೀವು ಕಲ್ಲು ಅಂತ ಹೇಳಿ ನನಗ ಪ್ರಾಣಿ ಮಾರೀರಿ."

ಜುಲ್ಫಿಕಾರ ಬಗ್ಗಿ ಸುರುಳಿ ನೋಡಿದ. "ಸಾವ್ಕಾರ್ರ, ಈ ಶಂಖದ ಗುರ್ತು ಇದ್ದ ಫರಸಿ ಸಾಪ್ ಇರಂಗಿಲ್ಲ ಅಂತ ನಾ ಬಾಜೂಕ ತಗದಿಟ್ಟಿದ್ದೆ. ನೀವಽ ಬಂದು, ಡಿಸೈನ್ ಇದ್ದದ್ದಽ ಬೇಕು ಅಂತ ಒಂದೊಂದಽ ಆರಿಸಿಕೊಂಡ್ರಿ. ಈಗ ಬ್ಯಾಡಂದ್ರ ಮ್ಯಾಲೆ ಕಾರ್ಪೆಟ್ ಹಾಸ್ರಿ."

"ಕಾರ್ಪೆಟ್ ಎದರದು?"

"ಉಣ್ಣೀದು."

"ಕುರಿ ಉಣ್ಣಿ?"

"ಮತ್ತ ಕಡ್ಲಿ ಗಿಡದಾಗ ಉಣ್ಣಿ ಬರತೈತೇನ್ರಿ?" ಎಂದು ಜುಲ್ಫಿಕಾರ ಎದ್ದ. ಫರಸಿ ಕಿತ್ತು ಬೇರೆ ಹಾಕಿಸೋಣವೆಂದರೆ ಸಭೆಗೆ ಉಳಿದದ್ದು ಎಂಟೇ ದಿನ. ಕಿತ್ತರೆ ಯಾಕೆ ಕಿತ್ತಿರಿ ಎಂದು ಕೇಳಲು ಇಡೀ ಓಣಿ ಗೇಟಿನಲ್ಲಿ ನಿಲ್ಲುತ್ತದೆ. ಉತ್ತರ ಹೇಳಲು ದಾನವ್ವ ಅಲ್ಲೇ ಕೂತಿರುತ್ತಾಳೆ.

ಕಡೆಗೆ ರಾಜಶೇಖರ ಕಾಲೇಜಿಗೆ ಹೋದ. ತಸ್ಲೀಮಾ ಪ್ರಯೋಗಶಾಲೆಯಲ್ಲಿ ಕಲ್ಲಿನ ತುಣುಕುಗಳಿಗೆ ಚೀಟಿ ಅಂಟಿಸುತ್ತಿದ್ದಳು. ಅವನು ಸುತ್ತಿ ಬಳಸಿ ವಿಷಯಕ್ಕೆ ಬಂದ.

"ಮೇಡಂ, ನಮ್ಮ ಅವ್ವನ ಮುಂದ ನೀವು ಒಂದಽ ಮಾತು ಹೇಳ್ಬೇಕು. ಅವು ಪ್ರಾಣಿ ಅಲ್ಲ, ಬರೇ ಡಿಸೈನ್ ಅಂತ. ಅವತ್ತು ತಪ್ಪಿ ಹೇಳಿದ್ದೆ ಅಂತ. ಮ್ಯಾಲಿನ ಮನೀ ಕೀಲಿ ನಿಮ್ಮ ಕೈಯಾಗ ಇಡ್ತೇನಿ."

"ಮನ್ಯಾಗ ಹಿರ್ಯಾರು ಅದಾರ ಅಂದಿದ್ರಿ?"

"ಅವರಿಗೆ ನಾ ಹೇಳ್ತೇನ್ರಿ."

ತಸ್ಲೀಮಾ ಚೀಟಿಯ ಅಂಚನ್ನು ಉಗುರಿನಿಂದ ತಿಕ್ಕಿದಳು. ಜೂನು ಹತ್ತಿರ ಬಂದಿತ್ತು. ಮಗಳು ಫೋನಿನಲ್ಲಿ ದಿನಾ ಯಾವಾಗ ಕರಕೊಂಡು ಹೋಗ್ತಿ ಎಂದು ಕೇಳುತ್ತಿದ್ದಳು. ಅದನ್ನು ಆಕೆ ಬಾಯಿಬಿಟ್ಟು ಹೇಳಿದಳು ಕೂಡ, ರಾಜಶೇಖರನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ. ವ್ಯಾಪಾರ ಕುದುರುತ್ತಿದೆ ಎಂದು ಅವನಿಗೆ ವಾಸನೆ ಹತ್ತಿತು. ನಡುವೆ ಮಾತಾಡಬಾರದೆಂಬ ಜಾಣತನದಿಂದ ಪಕ್ಕದ ಕಪಾಟು ನೋಡುತ್ತ ನಿಂತ. ಅಲ್ಲೊಂದು ಕಪ್ಪು ಹಸಿರು ಕಲ್ಲು ಇತ್ತು.

"ಇದರಾಗ ಯಾವ ಪ್ರಾಣಿ ಐತ್ರಿ?"

"ಅದರಾಗ ಇಲ್ರಿ. ಅದು ನಮ್ಮ ಧಾರವಾಡ ಭಾಗದ ಕಲ್ಲು, ಎರಡುನೂರಾ ಐವತ್ತು ಕೋಟಿ ವರ್ಷಕ್ಕಿಂತ ಹಳೀದು. ಆಗ ಶಂಖ, ಚಿಪ್ಪು, ಮೀನು, ಯಾವುದೂ ಇನ್ನಾ ಹುಟ್ಟಿದ್ದಿಲ್ಲ."

ರಾಜಶೇಖರ ಆ ಕಲ್ಲಿಗೆ ಕೈ ಮುಗಿಯುವುದೊಂದು ಬಾಕಿ. ಕೈಯಳತೆಯಲ್ಲೇ ಇಂಥ ಹುಟ್ಟಾ ಸಸ್ಯಾಹಾರಿ ಕಲ್ಲು ಇರುವಾಗ ತಾನು ಜೈಸಲ್ಮೇರದಿಂದ ಲಾರಿಯಲ್ಲಿ ಬಂದ ಕಟುಕರ ಸಂತೆಯನ್ನು ಆರಿಸಿ ಆರಿಸಿ ಮನೆಗೆ ತಂದೆನಲ್ಲ ಎಂದು ಹಳಹಳಿಸಿದ. ಹೊರಡುವಾಗ ತಸ್ಲೀಮಾ, "ರವಿವಾರ ಬರ್ತೇನ್ರಿ" ಎಂದಳು.

ರವಿವಾರ ಸಭೆ ಹನ್ನೊಂದಕ್ಕೆ. ತಸ್ಲೀಮಾಳಿಗೆ ಒಂಬತ್ತಕ್ಕೇ ಬಂದು, ಹೇಳುವುದನ್ನು ಹೇಳಿ, ಹಿತ್ತಲಿನಿಂದ ಹೋಗಿಬಿಡಲು ತಿಳಿಸಲಾಗಿತ್ತು. ಆದರೆ ಸಿದ್ದಲಿಂಗಪ್ಪನವರಿಗೆ ವಾಣಿಶ್ರೀಯ ಕೈಯ ಉಪ್ಪಿಟ್ಟು ಸೇರುತ್ತಿತ್ತು. ಅವರು ಇನ್ನೂ ಐದಾರು ಜನರನ್ನು ಕಟ್ಟಿಕೊಂಡು ಒಂಬತ್ತಕ್ಕೇ ಇಳಿದರು. ಗೇಟಿನಲ್ಲಿ ಹೊರಸಿನ ಮೇಲೆ ಕೂತ ದಾನವ್ವನನ್ನು ನೋಡಿ, "ಯಾಕ್ರಿ ಅವ್ವಾರ, ಹೊರಗ ಕುಂತೀರಿ?" ಎಂದರು. ದಾನವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಟೋದಿಂದ ತಸ್ಲೀಮಾ ಇಳಿದದ್ದು ಅದೇ ಹೊತ್ತಿಗೆ.

ರಾಜಶೇಖರ ಮುಂದೆ ಬಂದ. "ನಮ್ಮವ್ವ ತಪ್ಪು ತಿಳಕೊಂಡಾಳ್ರಿ. ಇವರು ಕಾಲೇಜಿನ ಮೇಡಂ, ಕಲ್ಲಿನ ವಿಷಯ ಓದಿದವರು. ಹೇಳ್ರಿ ಮೇಡಂ, ಅವು ಏನು?"

ಎಲ್ಲರೂ ತಸ್ಲೀಮಾಳತ್ತ ತಿರುಗಿದರು. ಆಕೆ ರಾಜಶೇಖರನನ್ನು ನೋಡಲಿಲ್ಲ. ಮಹಡಿಯ ಕಿಟಕಿಗಳನ್ನು ಒಮ್ಮೆ ನೋಡಿದಳು. ಆಮೇಲೆ ಮುದುಕಿಯ ಹೊರಸಿನ ಹತ್ತಿರ ಹೋಗಿ ನಿಂತಳು.

"ಪ್ರಾಣಿನಽ ಅವ್ವಾರ. ಅವತ್ತು ಹೇಳಿದ್ದು ಖರೇ. ಡಿಸೈನ್ ಅಂತ ಹೇಳಬೇಕು ಅಂತಽ ಬಂದಿದ್ದೆ. ಆಗಲಿಲ್ಲ ನನ್ನ ಕಡಿಂದ. ನಾಳೆ ಇದನ್ನಽ ಹುಡುಗ್ರಿಗೆ ಕಲಸೂದೈತಿ."

ರಾಜಶೇಖರನ ಕಾಲ ಕೆಳಗಿನ ನೆಲ ಕುಸಿಯಿತು. ಆ ನೆಲವಾದರೂ ಎಂಥದ್ದು ಎಂದು ಈಗ ಎಲ್ಲರಿಗೂ ಗೊತ್ತಾಗಿತ್ತು. ಆದರೆ ಸಿದ್ದಲಿಂಗಪ್ಪನವರು ದೊಡ್ಡವರು. ಅಡುಗೆ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವರು ಒಳಗೆ ಹೋಗಿ, ಕೋಲಿನ ತುದಿಯಿಂದ ಒಂದು ಸುರುಳಿಯನ್ನು ಕುಟ್ಟಿ ನೋಡಿ, ಎಷ್ಟು ವರ್ಷ ಆಗಿರಬಹುದು ಎಂದು ಕೇಳಿದರು.

"ಹದಿನಾರು ಕೋಟ್ರಿ" ಎಂದಳು ಬಾಗಿಲವರೆಗೆ ಬಂದಿದ್ದ ತಸ್ಲೀಮಾ.

"ಹಂಗಾರ ಅಡ್ಡಿ ಇಲ್ಲ. ಅಷ್ಟು ವರ್ಷದ ಮ್ಯಾಲೆ ಏನ ಮೈಲಿಗಿ ಉಳಿತೈತಿ? ಗುಡ್ಯಾಗ ಊದೂ ಶಂಖಾನೂ ಒಂದು ಕಾಲಕ್ಕ ಪ್ರಾಣಿನಽ ಅಲ್ಲೇನು?" ಉಳಿದವರೂ ತಲೆಯಾಡಿಸಿದರು. ಒಬ್ಬರು ಮುತ್ತಿನ ಹೆಸರು ತೆಗೆದರು, ಇನ್ನೊಬ್ಬರು ರೇಷ್ಮೆಯ ಹೆಸರು ತೆಗೆದು ಹೆಂಡತಿಯ ಸೀರೆಗಳನ್ನು ನೆನೆದು ಸುಮ್ಮನಾದರು. ಉಪ್ಪಿಟ್ಟು ಬರುವುದರೊಳಗೆ ರಾಜಶೇಖರನ ನೆಲ ನಿರ್ದೋಷಿ ಎಂದು ತೀರ್ಪಾಯಿತು. ಅವನಿಗೆ ಅಳುವಷ್ಟು ಖುಷಿಯಾಯಿತು. ಗೇಟಿಗೆ ಓಡಿ ಬಂದು ತಾಯಿಯ ಕೈ ಹಿಡಿದ. ಉಪ್ಪಿಟ್ಟಿನ ತಾಟು ಹಿಡಿದ ಹಿರಿಯರೂ ತಸ್ಲೀಮಾಳೂ ಅವನ ಹಿಂದೆಯೇ ಹೊರಗೆ ಬಂದರು. "ನಡಿ ಬೇ ಒಳಗ. ಹಿರ್ಯಾರೆಲ್ಲಾ ಒಪ್ಪ್ಯಾರ."

ದಾನವ್ವ ಏಳಲಿಲ್ಲ. ತಸ್ಲೀಮಾಳನ್ನು ಕೇಳಿದಳು: "ನೀ ಅವತ್ತು ನಮ್ಮ ಮನೀಗೆ ಎದಕ ಬಂದಿದ್ದಿ ಯವ್ವಾ? ಸರ್ವೇಕ್ಕ?"

"ಇಲ್ರಿ, ಮನಿ ಬಾಡಿಗಿ ಕೇಳಾಕ. ಹೆಸರು ತಸ್ಲೀಮಾ, ಮಾಂಸ ತಿನ್ನಂಗಿಲ್ಲ ಅಂತ ಹೇಳಿದೆ. ನೀವು ಒಪ್ಪಂಗಿಲ್ಲ ಅಂತ ಸರ್ ಹೇಳಿದ್ರು."

"ನನ್ನ ಯಾರು ಕೇಳಿದ್ರು?" ದಾನವ್ವ ಮಗನ ಕಡೆ ತಿರುಗಿದಳು. ಅವನು ಗೇಟಿನ ಬೋರ್ಡನ್ನು ಮೊದಲ ಸಲ ಓದುವವನ ಹಾಗೆ ಓದುತ್ತಿದ್ದ.

"ಕೇಳು ರಾಜಶೇಖರಾ, ಎಲ್ಲಾರ ಮುಂದ ಹೇಳ್ತೇನಿ. ನನಗ ಆ ಸುರುಳಿ ಹುಳದ್ದು ಏನೂ ಇಲ್ಲ. ಒಂದ ದಿನ ಸಿಟ್ಟು ಬಂತು, ಹೊರಗ ಕುಂತೆ. ಕುಂತರ ಮಂದಿ ಮಾತಾಡಸಿದ್ರು. ಒಳಗ ನನ್ನ ಕೂಡ ಯಾರು ಮಾತಾಡ್ತೀರಿ? ನೀ ಎಪಿಎಂಸಿಗೆ ಹೋಗ್ತಿ, ಈಕಿ ಫರಸಿ ಒರಸ್ತಾಳ. ಮ್ಯಾಲೆ ಒಂದು ಸಂಸಾರ ಬಂದಿದ್ರ ಮೆಟ್ಟಲದ ಮ್ಯಾಲೆ ಕಾಲಿನ ಸಪ್ಪಳ ಆದ್ರೂ ಕೇಳ್ತಿತ್ತು. ಬಂದವರನ್ನೆಲ್ಲಾ ನನ್ನ ಹೆಸರು ಹೇಳಿ ಓಡಿಸೀದಿ. ಈಕಿಗೆ ಮನಿ ಕೊಡು. ಆಕಿ ಮಗಳು ಬರ್ಲಿ. ನಾ ಈಗಿಂದೀಗ ಒಳಗ ಬರ್ತೇನಿ."

ಹೀಗೆ ಎಲ್ಲವೂ ಒಂದು ಕೀಲಿಕೈಗೆ ಬಂದು ನಿಂತಿತು. ರಾಜಶೇಖರ ಹಿರಿಯರ ಮುಖ ನೋಡಿದ. ಹದಿನಾರು ಕೋಟಿ ವರ್ಷದ ಮಾಂಸಾಹಾರಿಗಳನ್ನು ಗಳಿಗೆಯಲ್ಲಿ ಮಡಿ ಮಾಡಿದ ಆ ಮುಖಗಳು ಈಗ ಉಪ್ಪಿಟ್ಟಿನ ತಾಟಿನೊಳಗೆ ಇಳಿದಿದ್ದವು. "ಅದು ಬ್ಯಾರೆ ವಿಷಯ ಆಕ್ಕೈತಿ" ಎಂದರು ಸಿದ್ದಲಿಂಗಪ್ಪನವರು, ತಾಟಿಗೇ ಹೇಳುವಂತೆ. ಆಕೆ ಸಸ್ಯಾಹಾರಿಯೇ ಅಲ್ಲವೇ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಬೋರ್ಡಿನ ಅರ್ಥವನ್ನು ಬಿಡಿಸಿ ಹೇಳಬೇಕಾಗುತ್ತಿತ್ತು.

ರಾಜಶೇಖರ ಕೆಟ್ಟ ಮನುಷ್ಯನಲ್ಲ, ಅವ್ವನ ಮೇಲೆ ಅವನಿಗೆ ಪ್ರಾಣ. ಕುರ್ಚಿಯ ಮೇಲೆಯೂ ಪ್ರಾಣ. "ವಿಚಾರ ಮಾಡೋಣ ಬೇ" ಎಂದ.

ತಸ್ಲೀಮಾ ಬ್ಯಾಗು ಹೆಗಲಿಗೇರಿಸಿದಳು. "ಬ್ಯಾಡ್ರಿ ಅವ್ವಾರ. ನೀವು ಒಳಗ ನಡೀರಿ, ಬಿಸಲು ಏರಾಕತ್ತೈತಿ" ಎಂದು ಮುದುಕಿಯ ಭುಜ ಮುಟ್ಟಿ ಹೋದಳು. ದಾನವ್ವ ಆಟೋ ತಿರುವು ದಾಟುವವರೆಗೂ ನೋಡಿ, ಹೊರಸಿನ ಮೇಲೆ ಕಾಲು ಮಡಚಿ ಗಟ್ಟಿಯಾಗಿ ಕೂತಳು. ಸಭೆ ಸಾಂಗವಾಗಿ ನಡೆಯಿತು. ರಾಜಶೇಖರ ಅವಿರೋಧವಾಗಿ ಅಧ್ಯಕ್ಷನಾದ.

ಅಧ್ಯಕ್ಷನಾದ ಮೇಲೆ ತಾಯಿ ಹೊರಗೆ ಕೂತಿರುವುದು ಇನ್ನೂ ಚೆನ್ನಾಗಿ ಕಾಣಲಿಲ್ಲ. ಆಗ ಅವನಿಗೊಂದು ಉಪಾಯ ಹೊಳೆಯಿತು. ಅದನ್ನು ಕೇಳಿ ಸಮಿತಿಯವರೆಲ್ಲ ಶಭಾಷ್ ಎಂದರು. ಗೇಟಿನ ಪಕ್ಕ ತಾಯಿಗೊಂದು ಕಟ್ಟೆ ಕಟ್ಟಿಸುವುದು. ಮೇಲೆ ಮಂಗಳೂರು ಹಂಚಿನ ಚಪ್ಪರ, ಕೂರಲು ಧಾರವಾಡ ಸೀಮೆಯ ಕಪ್ಪು ಕಲ್ಲು, ಪ್ರಾಣಿಯೆಂಬುದು ಹುಟ್ಟುವ ಮೊದಲೇ ಹುಟ್ಟಿದ್ದು. ಮಾತೃಸೇವಾ ಕಟ್ಟೆ ಎಂದು ಹೆಸರು ಕೆತ್ತಿಸಿದ. ಕೆಳಗೆ ತನ್ನ ಹೆಸರು, ಅದರ ಮುಂದೆ ಅಧ್ಯಕ್ಷರು ಎಂದು. ಕಲ್ಲು ಹೊಂದಿಸಿದವನು ಜುಲ್ಫಿಕಾರನೇ. ಜೂನು ಬಂತು. ತಸ್ಲೀಮಾಳಿಗೆ ಹುಬ್ಬಳ್ಳಿಯಲ್ಲಿ ಎಲ್ಲೂ ಮನೆ ಸಿಗದೆ, ಫಿರದೋಸ ಗದಗಿನ ಸಾಲಿಯಲ್ಲೇ ಉಳಿದಳು. ಮಹಡಿಯ ಮನೆಗೆ ಬೀಗ ಹಾಕಿದ್ದು ಹಾಗೇ ಇತ್ತು.

ಉದ್ಘಾಟನೆಯ ದಿನ ಓಣಿಗೆ ಅಡ್ಡಲಾಗಿ ಶಾಮಿಯಾನಾ ಹಾಕಿದರು. ಕುರ್ಚಿಗಳು ತುಂಬಿದವು. ಸಿದ್ದಲಿಂಗಪ್ಪನವರು ಮಾತೃಭಕ್ತಿಯ ಬಗ್ಗೆ ದೀರ್ಘವಾಗಿ ಮಾತಾಡಿದರು. ಇಂಥ ಮಗ ಮನೆಮನೆಗೂ ಹುಟ್ಟಲಿ ಎಂದರು. ರಾಜಶೇಖರನ ಕೊರಳಿಗೆ ಗಲ್ಲ ಮುಟ್ಟುವಷ್ಟು ಹಾರ ಬಿತ್ತು. ಯಾರೋ ಮೈಕನ್ನು ಕಟ್ಟೆಯ ಮೇಲೆ ಕೂತಿದ್ದ ದಾನವ್ವನ ಬಾಯ ಹತ್ತಿರ ಹಿಡಿದು, "ಎರಡು ಮಾತು ಹೇಳ್ರಿ ಅವ್ವಾರ" ಎಂದರು.

ದಾನವ್ವ ಕಲ್ಲನ್ನು ಅಂಗೈಯಿಂದ ಸವರಿ ನೋಡಿದಳು. "ಕಲ್ಲು ಛಲೋ ಐತ್ರಿ. ತಣ್ಣಗ ಐತಿ. ಮ್ಯಾಲಿನ ಮನೀ ಕೀಲಿ ತಗದಿದ್ರ ಸಾಕಿತ್ತು, ನಾ ಒಳಗ ಹೋಗ್ತಿದ್ದೆ. ಅಷ್ಟು ನನ್ನ ಮಗನ ಕಡಿಂದ ಆಗಲಿಲ್ಲ. ಅದಕ್ಕ ಇಷ್ಟು ಕಲ್ಲು ತಂದು ಹಾಕ್ಯಾನ."

ಧ್ವನಿವರ್ಧಕ ಚೆನ್ನಾಗಿತ್ತು, ಓಣಿಯ ಕೊನೆಯವರೆಗೂ ಕೇಳಿಸಿತು. ಸಿದ್ದಲಿಂಗಪ್ಪನವರು, ಭಾಷಣ ಮುಗಿದಾಗ ಮಾಡುವುದನ್ನು ಮಾಡಿದರು, ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಮುಂದಿನ ಸಾಲಿನವರು ತಟ್ಟಿದರು, ಅವರನ್ನು ನೋಡಿ ಹಿಂದಿನವರು. ಅಧ್ಯಕ್ಷನಾದವನು ಸುಮ್ಮನೆ ನಿಂತರೆ ಸರಿಯಾಗುವುದಿಲ್ಲವೆಂದು ರಾಜಶೇಖರನೂ ತಟ್ಟಿದ. ತಟ್ಟುತ್ತ ಅವ್ವನ ಮುಖ ನೋಡುವುದು ಮಾತ್ರ ಅವನಿಂದ ಆಗಲಿಲ್ಲ.